ಹಾಯಿದೋಣಿಯ ಕೂವೆಮರದ ಮೇಲೆ ಹಕ್ಕಿಗಳು ಕೂರದಂತೆ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ಕೋಡಿಬೆಂಗ್ರೆಯ ಅಳಿವೆಯ ಒಳಗೆ, ಹೊಳೆಯಲ್ಲಿ ನನ್ನ ಸಣ್ಣ ಹಾಯಿದೋಣಿ ಲಂಗರು ಹಾಕಿ ನಿಂತಿರುತ್ತದೆ. ವಾರಕ್ಕೊಮ್ಮೆ ಹೋಗಿ ನೋಡಿದರೆ ಹಾಯಿಯ ಹೊದಿಕೆ, ಡೆಕ್ಕು ಎಲ್ಲವೂ ಹಿಕ್ಕೆಯಿಂದ ಬೆಳ್ಳಗಾಗಿರುತ್ತವೆ. ಕೂವೆಮರದ ತುದಿಯ ಗಾಳಿಸೂಚಿ ಎರಡು ಸಲ ಮುರಿದಿದೆ. ಹಳೆಯ ಸಿ.ಡಿ.ಗಳು, ಮಿಂಚುವ ಪಟ್ಟಿ, ಪ್ಲಾಸ್ಟಿಕ್ ಗೂಬೆ ಎಲ್ಲವನ್ನೂ ಕಟ್ಟಿ ಸೋತಿದ್ದೇನೆ. ಬೇರೆ ದಾರಿ ಇದೆಯೇ?

ಉತ್ತರ: ಇದೆ. ಆದರೆ ಅದಕ್ಕೆ ಮೊದಲು ಹಕ್ಕಿಯನ್ನು ಹೆದರಿಸುವ ಯೋಚನೆಯನ್ನು ಕೈಬಿಡಬೇಕು. ಕೂವೆಮರದ ತುದಿಯಲ್ಲಿ ಹಕ್ಕಿಗೆ ಬೇಕಾಗಿರುವುದು ಕಾಲೂರಲು ಅಂಗೈಯಗಲದ ಜಾಗ ಮಾತ್ರ. ಆ ಜಾಗವನ್ನು ತೆಗೆದುಬಿಟ್ಟರೆ ಅದು ಬೇರೆ ಕಡೆ ಹೋಗುತ್ತದೆ. ಜಾಗವನ್ನು ಹಾಗೆಯೇ ಬಿಟ್ಟು ಅದರ ಸುತ್ತ ಏನನ್ನು ತೂಗುಹಾಕಿದರೂ ನಾಲ್ಕು ದಿನ ಅನುಮಾನದಿಂದ ನೋಡಿ, ಐದನೆಯ ದಿನ ಬಂದು ಕೂರುತ್ತದೆ. ನನ್ನ ಪರಿಚಿತರೊಬ್ಬರ ದೋಣಿ ಮಂಗಳೂರಿನ ಬೆಂಗ್ರೆಯ ಬದಿಯಲ್ಲಿ ನಿಲ್ಲುತ್ತಿತ್ತು. ಅದಕ್ಕೆ ನಾನೇ ಆರು ಸಿ.ಡಿ. ಕಟ್ಟಿಕೊಟ್ಟಿದ್ದೆ. ಹತ್ತು ದಿನ ಕಳೆದು ನೋಡುವಾಗ ಒಂದು ಕಾಗೆ ಕೂವೆಮರದಿಂದ ಪಕ್ಕಕ್ಕೆ ಚಾಚಿದ ಅಡ್ಡತೋಳಿನ ಮೇಲೆ ನೆಮ್ಮದಿಯಾಗಿ ಕುಳಿತು ಸಿ.ಡಿ. ಕಟ್ಟಿದ ದಾರವನ್ನು ಕೊಕ್ಕಿನಿಂದ ಎಳೆದೆಳೆದು ಬಿಡುತ್ತಿತ್ತು. ಆಟದ ಸಾಮಾನು ಒದಗಿಸಿದ ಪುಣ್ಯ ನನಗೆ ಬಂದಿರಬೇಕು.

ಈ ಸೋಲಿಗೆ ಕಾಗೆಯ ಜಾಣತನದ ಜೊತೆಗೆ ನಮ್ಮ ಕರಾವಳಿಯ ಗಾಳಿಯ ಪಾಳಿಯೂ ಕಾರಣ. ಬೇಸಗೆಯ ದಿನಗಳಲ್ಲಿ ಇಲ್ಲಿ ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತದೆ, ಹೊತ್ತು ಮುಳುಗುತ್ತಿದ್ದಂತೆ ಅದು ಬೀಳುತ್ತದೆ, ರಾತ್ರಿ ನೆಲದ ಕಡೆಯಿಂದ ತೆಳುವಾದ ಗಾಳಿ ಸುಳಿಯುತ್ತದೆ. ಮಿಂಚುವ ಪಟ್ಟಿಗೂ ಸಿ.ಡಿ.ಗೂ ಕೆಲಸ ಮಾಡಲು ಬಿಸಿಲು, ಗಾಳಿ ಎರಡೂ ಬೇಕು. ಹಕ್ಕಿಗಳು ರಾತ್ರಿಯ ತಂಗುದಾಣ ಹುಡುಕಿಕೊಂಡು ಬರುವ ಮುಸ್ಸಂಜೆಯ ಹೊತ್ತಿಗೆ ಎರಡೂ ಇರುವುದಿಲ್ಲ. ಗೂಬೆಯ ಬೊಂಬೆಯದ್ದು ಬೇರೆಯೇ ಕಷ್ಟ: ಕದಲದ ಗೂಬೆಯಿಂದ ಅಪಾಯವಿಲ್ಲವೆಂದು ತಿಳಿಯಲು ಕಾಗೆಗೆ ಹೆಚ್ಚು ದಿನ ಬೇಕಾಗುವುದಿಲ್ಲ. ದಿನಕ್ಕೊಂದು ಕಡೆ ಸ್ಥಳ ಬದಲಿಸಿದರೆ ಸ್ವಲ್ಪ ಕಾಲ ನಡೆಯುತ್ತದೆ, ಆದರೆ ವಾರಕ್ಕೊಮ್ಮೆ ದೋಣಿಗೆ ಹೋಗುವ ನಿಮಗೆ ಅದು ಆಗುವ ಕೆಲಸವಲ್ಲ.

ಹಾಗಾಗಿ ಮೊದಲು ಕೂರುವವರು ಯಾರು, ಎಲ್ಲಿ ಕೂರುತ್ತಾರೆ ಎಂಬುದನ್ನು ಪತ್ತೆ ಮಾಡಿ. ದಡದಲ್ಲಿ ಅರ್ಧ ದಿನ ಕಾಯಬೇಕಾಗಿಲ್ಲ, ಡೆಕ್ಕನ್ನು ಓದಿದರೆ ಸಾಕು. ಮೀನಿನ ಹುರುಪೆ, ಬಾಲದ ತುಂಡು, ಏಡಿಯ ಚಿಪ್ಪು ಕೂವೆಮರದ ಬುಡದ ಸುತ್ತ ಬಿದ್ದಿದ್ದರೆ ಅದು ಬಿಳಿ ತಲೆ, ಕೆಂಗಂದು ರೆಕ್ಕೆಯ ಗರುಡ ತುದಿಯಲ್ಲಿ ಕುಳಿತು ಊಟ ಮಾಡಿದ ಗುರುತು. ಹೊರಮಗ್ಗುಲಲ್ಲಿ, ಅಂದರೆ ಅಡ್ಡತೋಳುಗಳ ನೇರ ಕೆಳಗೆ, ದಪ್ಪನೆಯ ಬಿಳಿ ಪಟ್ಟೆಗಳೂ ಸಣ್ಣ ಮೀನಿನ ಮುಳ್ಳುಗಳು ಅಂಟಿಕೊಂಡ ಉಂಡೆಗಳೂ ಕಂಡರೆ ಅದು ನೀರುಕಾಗೆ. ಅರಗದ ಮುಳ್ಳನ್ನು ಅದು ಉಂಡೆ ಮಾಡಿ ಕಕ್ಕುತ್ತದೆ. ನೀರುಕಾಗೆಯ ಹಟಕ್ಕೆ ಒಂದು ಕಾರಣವೂ ಇದೆ. ಅದರ ರೆಕ್ಕೆಯ ಗರಿಗಳು ಬಾತುಕೋಳಿಯ ಗರಿಗಳಷ್ಟು ನೀರನ್ನು ತಡೆಯುವುದಿಲ್ಲ, ಮುಳುಗಿ ಎದ್ದ ಮೇಲೆ ಅವು ತೊಯ್ದಿರುತ್ತವೆ. ಎತ್ತರದಲ್ಲಿ ಕುಳಿತು, ಎರಡೂ ರೆಕ್ಕೆಗಳನ್ನು ಬಟ್ಟೆ ಒಣಹಾಕಿದಂತೆ ಹರವಿ ಒಣಗಿಸದೆ ಅದಕ್ಕೆ ಗತಿಯಿಲ್ಲ. ಹೊಳೆಯ ನಡುವೆ ನಿಂತ, ಎರಡು ಕಡೆಗೂ ಕೈಚಾಚಿದ ಕೂವೆಮರ ಅದಕ್ಕೆಂದೇ ನೆಟ್ಟಂತಿರುತ್ತದೆ. ಕಾಗೆ, ಬೆಳ್ಳಕ್ಕಿ ಮತ್ತು ಚಳಿಗಾಲದಲ್ಲಿ ವಲಸೆ ಬರುವ ಕಡಲಹಕ್ಕಿಗಳು ಬೂಮಿನ (ಹಾಯಿಯ ಕೆಳ ಅಂಚನ್ನು ಹಿಡಿಯುವ ಅಡ್ಡಗಂಬದ) ಮೇಲೂ ಕಟಕಟೆಯ ಮೇಲೂ ಕೂರುತ್ತವೆ.

ನಿಮ್ಮ ಗಾಳಿಸೂಚಿ ಎರಡು ಸಲ ಮುರಿದಿರುವುದರಿಂದ ತುದಿಯಲ್ಲಿ ಗರುಡನೋ ಹದ್ದೋ ಕೂರುತ್ತಿರಬೇಕು. ಸುಮಾರು ಅರ್ಧ ಕಿಲೋ ತೂಗುವ ಹಕ್ಕಿ ಇಳಿಯುವಾಗ ಅದರ ಭಾರವನ್ನೆಲ್ಲ ಆ ಹಗುರವಾದ ಬಾಣವೇ ಹೊರಬೇಕಾಗುತ್ತದೆ. ಇಲ್ಲಿ ಮಾಡಬೇಕಾದದ್ದು ಸರಳ: ತುದಿಯ ಚಪ್ಪಟೆ ಮುಚ್ಚಳದ ಮೇಲೆ ಮೇಲ್ಮುಖವಾಗಿ, ಸ್ವಲ್ಪ ಹೊರಗೆ ವಾಲಿದಂತೆ, ಎಂಟು-ಹತ್ತು ತೆಳುವಾದ ಸ್ಟೀಲ್ ಕಡ್ಡಿಗಳನ್ನು ನಿಲ್ಲಿಸಬೇಕು. ಕಡ್ಡಿ ಚೂಪಾಗಿರಬೇಕಾಗಿಲ್ಲ. ತುದಿಯನ್ನು ಮೊಂಡು ಮಾಡುವುದೇ ಒಳ್ಳೆಯದು, ಏಕೆಂದರೆ ಹಕ್ಕಿಗೆ ಗಾಯ ಮಾಡುವುದು ನಮ್ಮ ಉದ್ದೇಶವಲ್ಲ. ಅದು ಕಾಲು ಇಳಿಸಿದಾಗ ಹೊಟ್ಟೆಗೆ ಏನೋ ತಾಗಿ ಬಾಗಬೇಕು, ಅಷ್ಟೆ. ಉಪ್ಪುಗಾಳಿಗೆ ಸಾಧಾರಣ ಸ್ಟೀಲು ತುಕ್ಕು ಹಿಡಿಯುತ್ತದೆ, ಆದ್ದರಿಂದ 316 ದರ್ಜೆಯದ್ದನ್ನೇ ಕೇಳಿ ಕೊಳ್ಳಿ. ಗಾಳಿಸೂಚಿ ತಿರುಗುವ ವೃತ್ತದೊಳಕ್ಕೆ ಕಡ್ಡಿ ಬರಬಾರದು, ವಿಎಚ್‌ಎಫ್ ರೇಡಿಯೊದ ಆಂಟೆನಾಕ್ಕೆ ತಾಗಬಾರದು, ಲಂಗರು ದೀಪದ ಬೆಳಕು ಯಾವ ದಿಕ್ಕಿಗೂ ಮರೆಯಾಗಬಾರದು. ಕೊನೆಯ ಮಾತು ಬಹಳ ಮುಖ್ಯ. ಅಳಿವೆಯಲ್ಲಿ ರಾತ್ರಿ ಹೋಗಿಬರುವ ಮೀನುಗಾರಿಕಾ ದೋಣಿಗಳಿಗೆ ನಿಮ್ಮ ದೋಣಿ ಅಲ್ಲಿದೆ ಎಂದು ತಿಳಿಸುವುದು ಆ ಒಂದು ಬಿಳಿ ದೀಪ ಮಾತ್ರ.

ಕಡ್ಡಿ ಸಿಗುವವರೆಗೆ ಕಪ್ಪು ಬಣ್ಣದ ಕೇಬಲ್ ಟೈಗಳ ಬಾಲವನ್ನು ಕತ್ತರಿಸದೆ ಮೇಲಕ್ಕೆ ನಿಲ್ಲಿಸಿ ಕಟ್ಟಬಹುದು. ಕಪ್ಪಿನವು ಬಿಸಿಲಿಗೆ ಬೇಗ ಪುಡಿಯಾಗುವುದಿಲ್ಲ, ಬಿಳಿಯವು ಆಗುತ್ತವೆ. ನಾನು ಒಮ್ಮೆ ತೆಂಗಿನ ಹಿಡಿಸೂಡಿಯ ಕಡ್ಡಿಗಳನ್ನೇ ಕಟ್ಟಿ ನೋಡಿದ್ದೇನೆ. ನೋಡಲು ಕೂವೆಮರ ಅಂಗಳ ಗುಡಿಸಲು ಹೊರಟಂತೆ ಕಾಣುತ್ತಿತ್ತು, ಆದರೆ ಮೂರು ತಿಂಗಳು ಒಂದು ಹದ್ದೂ ಇಳಿಯಲಿಲ್ಲ.

ಅಡ್ಡತೋಳುಗಳಿಗೆ ಕಡ್ಡಿಗಳಿಗಿಂತ ತಂಗೂಸ್ ದಾರವೇ ಮೇಲು. ಹಾಯಿಯ ಬಟ್ಟೆ ಕಡ್ಡಿಗಳಿಗೆ ಸಿಕ್ಕಿ ಹರಿಯುವ ಭಯವಿದೆ. ಅಡ್ಡತೋಳಿನ ಹೊರತುದಿಯಲ್ಲಿ, ಕೂವೆಮರವನ್ನು ಎಳೆದು ಹಿಡಿದಿರುವ ಬಿಗಿತಂತಿಗೆ ಒಂದು ಕೊನೆ, ಕೂವೆಮರಕ್ಕೆ ಇನ್ನೊಂದು ಕೊನೆ ಬರುವಂತೆ, ತೋಳಿನ ಮೇಲ್ಮೈಯಿಂದ ನಾಲ್ಕು ಬೆರಳು ಎತ್ತರದಲ್ಲಿ ಒಂದು ಎಳೆಯನ್ನೂ ಅದರ ಮೇಲೆ ಇನ್ನೊಂದು ಗೇಣಿನಲ್ಲಿ ಎರಡನೆಯದನ್ನೂ ಎಳೆದು ಕಟ್ಟಿ. ಕೆಳಗಿನ ಎಳೆ ಕಾಲಿಗೆ, ಮೇಲಿನದು ಹರವಿದ ರೆಕ್ಕೆಗೆ ಅಡ್ಡ ಬರುತ್ತದೆ. ರೆಕ್ಕೆ ಹರವಲು ಆಗದ ಜಾಗ ನೀರುಕಾಗೆಗೆ ಬೇಡ. ಮಲ್ಪೆಯ ಬಲೆ ಸಾಮಾನಿನ ಅಂಗಡಿಗಳಲ್ಲಿ ಸಿಗುವ ದಾರಗಳಲ್ಲಿ ದಪ್ಪನೆಯದನ್ನು, ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲದ್ದನ್ನು ಆರಿಸಿ, ತಂತಿ ಮೀಟಿದಂತೆ ಸದ್ದಾಗುವಷ್ಟು ಬಿಗಿಯಾಗಿ ಕಟ್ಟಬೇಕು. ಸಡಿಲವಾಗಿ ಜೋಲುವ ತೆಳು ದಾರ ಹಕ್ಕಿಯ ರೆಕ್ಕೆಗೋ ಕಾಲಿಗೋ ಸುತ್ತಿಕೊಂಡು ಅದನ್ನು ಕೊಲ್ಲುತ್ತದೆ. ಗಾಳಿಪಟದ ಮಾಂಜಾ ದಾರವನ್ನಂತೂ ಯಾವ ಕಾರಣಕ್ಕೂ ಬಳಸಬೇಡಿ. ಬೂಮಿನ ಮೇಲೂ ಕಟಕಟೆಯ ಮೇಲೂ ಇದೇ ಕ್ರಮ ಸಾಕು.

ಇನ್ನು, ಕೊಳ್ಳಬಾರದ ವಸ್ತುಗಳು. ಹಕ್ಕಿಗಳನ್ನು ಓಡಿಸುವುದೆಂದು ಮಾರುವ ಅಲ್ಟ್ರಾಸಾನಿಕ್ ಪೆಟ್ಟಿಗೆಗಳು 20,000 ಹರ್ಟ್ಸ್‌ಗಿಂತ ಮೇಲಿನ ಸದ್ದು ಹೊರಡಿಸುತ್ತವೆ. ಅದು ನಮಗೂ ಕೇಳಿಸುವುದಿಲ್ಲ, ಹಕ್ಕಿಗಳಿಗೂ ಕೇಳಿಸುವುದಿಲ್ಲ. ಅಂಟು ಜೆಲ್ಲುಗಳು ಮಾರ್ಚ್ ತಿಂಗಳ ಬಿಸಿಲಿಗೆ ಕರಗಿ ಕೂವೆಮರದುದ್ದಕ್ಕೂ ಇಳಿದು ಹಾಯಿಯನ್ನು ಕೆಡಿಸುತ್ತವೆ, ಸಣ್ಣ ಹಕ್ಕಿಗಳ ಗರಿಗೆ ಮೆತ್ತಿಕೊಂಡು ಅವು ಹಾರಲಾರದಂತೆ ಮಾಡುತ್ತವೆ. ಗ್ರೀಸ್ ಬಳಿಯುವುದೂ ಅಷ್ಟೇ ಕೆಟ್ಟ ಉಪಾಯ.

ಒಂದು ಎಚ್ಚರ. ಕೂವೆಮರ ಏರುವ ಮೊದಲು ಗೂಡಿದೆಯೇ ಎಂದು ನೋಡಿಕೊಳ್ಳಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಕಾಡುಹಕ್ಕಿಯ ಮೊಟ್ಟೆಯನ್ನು ಒಡೆಯುವುದಷ್ಟೇ ಅಲ್ಲ, ಗೂಡನ್ನು ಕದಲಿಸುವುದೂ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಕಾಗೆಗಳು ತಂತಿಯ ತುಂಡುಗಳನ್ನು ಹೆಕ್ಕಿ ತಂದು ಗೂಡು ಕಟ್ಟುತ್ತವೆ. ಮೊಟ್ಟೆ ಇಟ್ಟಾಗಿದ್ದರೆ ಮರಿ ಹಾರಿಹೋಗುವವರೆಗೆ ಕಾಯುವುದೊಂದೇ ದಾರಿ. ಗೂಡು ಕಟ್ಟಲು ಶುರುವಾಗುವ ಮೊದಲೇ, ಡಿಸೆಂಬರಿನ ಒಳಗೆ, ಕಡ್ಡಿ ಕಟ್ಟಿ ಮುಗಿಸಿದರೆ ಈ ಇಕ್ಕಟ್ಟು ಬರುವುದಿಲ್ಲ. ಗರುಡನ ವಿಷಯದಲ್ಲಿ ಕಾನೂನಿಗಿಂತ ಮನೆಯವರ ಆಕ್ಷೇಪವೇ ಹೆಚ್ಚಿರಬಹುದು. ಬ್ರಹ್ಮಕಲಶದ ಹೊತ್ತಿಗೆ ಆಕಾಶದಲ್ಲಿ ಗರುಡ ಸುತ್ತು ಹಾಕಿದನೇ ಎಂದು ಕತ್ತೆತ್ತಿ ನೋಡುವ ಊರು ನಮ್ಮದು. ಓಡಿಸುತ್ತಿಲ್ಲ, ಪಕ್ಕದ ತೆಂಗಿನ ಮರಕ್ಕೆ ಹೋಗಲು ಹೇಳುತ್ತಿದ್ದೇವೆ ಎಂದು ಸಮಾಧಾನ ಮಾಡಬೇಕಾಗುತ್ತದೆ.

ಈಗಾಗಲೇ ಬಿದ್ದಿರುವ ಹಿಕ್ಕೆಯನ್ನು ತೆಗೆಯುವುದಕ್ಕೂ ಒಂದು ಕ್ರಮವಿದೆ. ಹಕ್ಕಿಗಳು ನಮ್ಮಂತೆ ಯೂರಿಯಾವನ್ನಲ್ಲ, ಯೂರಿಕ್ ಆಮ್ಲವನ್ನು ಬಿಳಿ ಹಿಟ್ಟಿನಂತೆ ಹೊರಹಾಕುತ್ತವೆ. ಅದು ತಣ್ಣೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಆದ್ದರಿಂದಲೇ ಒಂದು ಮಳೆ ಸುರಿದು ಹೋದರೂ ಕಲೆ ಅಲ್ಲೇ ಇರುತ್ತದೆ. ಹಲವರು ಹಚ್ಚುವ ಹುಳಿ, ವಿನೆಗರ್ ಇಲ್ಲಿ ತಿರುಗುಮುರುಗು ಕೆಲಸ. ಆಮ್ಲವನ್ನು ಕರಗಿಸಲು ಬೇಕಾದದ್ದು ಸೌಮ್ಯವಾದ ಕ್ಷಾರ. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ದ್ರಾವಣ ಸೇರಿಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಕಾಲು ಗಂಟೆ ಹೊದೆಸಿಟ್ಟು, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ತೊಳೆದು ಸಿಹಿನೀರು ಸುರಿಯಬೇಕು. ಕಾಸ್ಟಿಕ್ ಸೋಡಾ ಅಲ್ಯೂಮಿನಿಯಮ್ ಕೂವೆಮರವನ್ನೇ ತಿನ್ನುತ್ತದೆ. ಒಣಗಿದ ಹಿಕ್ಕೆಯನ್ನು ಹಾಗೆಯೇ ಕೆರೆದು ಧೂಳೆಬ್ಬಿಸಬೇಡಿ, ಆ ಧೂಳಿನಿಂದ ಶ್ವಾಸಕೋಶಕ್ಕೆ ಸೋಂಕು ತಗಲಬಹುದು. ಮೊದಲು ತೋಯಿಸಿ, ಮೂಗಿಗೆ ಬಟ್ಟೆಯನ್ನೋ ಮಾಸ್ಕನ್ನೋ ಕಟ್ಟಿಕೊಂಡು ಕೆಲಸಕ್ಕಿಳಿಯಿರಿ.

ಇಷ್ಟರ ಮೇಲೂ ಹಕ್ಕಿಗಳು ಬರುತ್ತಿದ್ದರೆ ದೋಣಿ ನಿಂತ ಜಾಗವನ್ನು ಗಮನಿಸಿ. ಮೀನು ಇಳಿಸುವ ದಕ್ಕೆಗೆ ಹತ್ತಿರ ನಿಂತ ದೋಣಿಯಲ್ಲಿ ಯಾವ ಉಪಾಯವೂ ಅರ್ಧ ಮಾತ್ರ ಫಲಿಸುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವಾಗ ನಿಮ್ಮ ದೋಣಿಯೂ ಹೇಗೂ ದಡ ಹತ್ತಿರುತ್ತದೆ, ಕೂವೆಮರವನ್ನು ಇಳಿಸಿಟ್ಟಿರುತ್ತೀರಿ. ಕಡ್ಡಿಗಳನ್ನು ಕೂರಿಸಲು, ದಾರ ಬದಲಿಸಲು ಅದೇ ಸರಿಯಾದ ಸಮಯ: ಹನ್ನೆರಡು ಮೀಟರ್ ಮೇಲೆ ಹಗ್ಗದ ಕುರ್ಚಿಯಲ್ಲಿ ತೂಗುತ್ತಾ ಮಾಡಬೇಕಾದ ಕೆಲಸವನ್ನು ಅಂಗಳದಲ್ಲಿ ಮಣೆ ಹಾಕಿ ಕುಳಿತು ಮಾಡಿ ಮುಗಿಸಬಹುದು.