ಓದುಗರ ಪ್ರಶ್ನೆ: ಅತ್ತೆಯ ಆಪರೇಷನ್ ರೋಬೋಟಿನಲ್ಲಿ ಯಾಕಾಗದು?

ಪ್ರಶ್ನೆ: ಅತ್ತೆಗೆ ಅಂಡಾಶಯದ ಕ್ಯಾನ್ಸರ್, 3ಸಿ ಹಂತ. ಮೂರು ಕೀಮೋ ಮುಗಿದಿದೆ. ಈಗ ಹೊಟ್ಟೆ ಉದ್ದಕ್ಕೆ ಕೊಯ್ಯಬೇಕು ಅಂತಾರೆ. ಪಕ್ಕದ ಮನೆಯವರಿಗೆ ಗರ್ಭಕೋಶದ ಕ್ಯಾನ್ಸರನ್ನು ರೋಬೋಟಿನಲ್ಲಿ ತೆಗೆದು ಮೂರನೇ ದಿನಕ್ಕೇ ಮನೆಗೆ ಕಳಿಸಿದ್ದರು. ಇವರಿಗೆ ಯಾಕಾಗದು?
– ಓದುಗರು, ಕಾರವಾರ

ಉತ್ತರ: ಗರ್ಭಕೋಶ ದಾಟದ ಕಾಯಿಲೆಯಾದರೆ ಕೆಲಸ ಒಂದೇ ಜಾಗದಲ್ಲಿ. 3ಸಿ ಹಾಗಲ್ಲ. ಗಂಟುಗಳು ಕಿಬ್ಬೊಟ್ಟೆಯಿಂದ ಮೇಲಕ್ಕೂ ಹಬ್ಬಿರುತ್ತವೆ: ಕರುಳಿನ ಮೇಲೆ ಇಳಿಬಿದ್ದ ಕೊಬ್ಬಿನ ಪದರ, ಯಕೃತ್ತಿನ ಹಿಂಬದಿ, ವಪೆಯ ಕೆಳಮೈ, ಸಣ್ಣ ಕರುಳಿನ ಮಡಿಕೆ. ಕಣ್ಣಿಗೆ ಕಾಣುವ ಒಂದು ಗಂಟೂ ಉಳಿಯದಂತೆ ತೆಗೆದರಷ್ಟೇ ಈ ಆಪರೇಷನ್ನಿನ ಪೂರ್ತಿ ಲಾಭ.

ಕೀಮೋ ಆದ ಮೇಲೆ ಉಳಿದ ಗಂಟು ರವೆಕಾಳಿನಷ್ಟಿದ್ದು, ಕೆಲವೊಮ್ಮೆ ಬರೀ ಕಲೆಯಂತೆ ಕಾಣುತ್ತದೆ. ತೆರೆದ ಹೊಟ್ಟೆಯಲ್ಲಿ ಕರುಳನ್ನು ಉದ್ದಕ್ಕೂ ಬೆರಳಾಡಿಸಿ ಅದನ್ನು ಹುಡುಕುತ್ತಾರೆ. ರೋಬೋಟಿನ ಕ್ಯಾಮೆರಾ ಹಿಗ್ಗಿಸಿ ತೋರಿಸುತ್ತದೆ, ನಿಜ. ಆದರೆ ಬೆರಳಿನ ಸ್ಪರ್ಶ ಅಲ್ಲಿಲ್ಲ. ಜೊತೆಗೆ ಕಿಬ್ಬೊಟ್ಟೆಗೆಂದು ರೋಗಿಯನ್ನು ತಲೆ ತಗ್ಗಿಸಿ ಮಲಗಿಸಿ ರೋಬೋಟಿನ ತೋಳುಗಳನ್ನು ಜೋಡಿಸಿದರೆ, ವಪೆಯ ಕಡೆಗೆ ಹೋಗಲು ಅವನ್ನು ತಿರುಗಿಸಿ ಮತ್ತೆ ಜೋಡಿಸಬೇಕು.

ಹಾಗಂತ ತೂತಿನ ಆಪರೇಷನ್ನಿಗೆ (ಸಣ್ಣ ತೂತುಗಳ ಮೂಲಕ ಲ್ಯಾಪ್ರೋಸ್ಕೋಪಿ ಇಲ್ಲವೇ ರೋಬೋಟಿನಲ್ಲಿ ಮಾಡುವುದು) ಇಲ್ಲಿ ಕೆಲಸವೇ ಇಲ್ಲ ಎಂದಲ್ಲ. ಪೂರ್ತಿ ತೆಗೆಯಲಾದೀತೇ ಎಂದು ಮೊದಲು ಲ್ಯಾಪ್ರೋಸ್ಕೋಪಿಯಲ್ಲಿ ಇಣುಕಿ ನೋಡುವುದುಂಟು. ಕೀಮೋಗೆ ಚೆನ್ನಾಗಿ ಬಗ್ಗಿದ ಕೆಲವರಿಗೆ ಇಡೀ ಆಪರೇಷನ್ನನ್ನೇ ಹೀಗೆ ಮಾಡಬಹುದೇ ಎಂದು ತೂಗಿನೋಡಲೆಂದೇ ಲ್ಯಾನ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ಶುರುವಾಯಿತು. ಅದಕ್ಕೆ ಆರಿಸಿದ್ದು 3–4 ಕೀಮೋ ನಂತರ ಸಿಎ-125 (ಈ ಕ್ಯಾನ್ಸರಿನ ಏರಿಳಿತ ತಿಳಿಯಲು ರಕ್ತದಲ್ಲಿ ಅಳೆಯುವ ಅಂಶ) ಸಹಜ ಮಟ್ಟಕ್ಕೆ ಇಳಿದು, ಸ್ಕ್ಯಾನಿನಲ್ಲೂ ಗಂಟು ಕರಗಿದವರನ್ನು. ಈ ಎಚ್ಚರಿಕೆಗೆ ಕಾರಣವಿದೆ: ಗರ್ಭಕಂಠದ ಕ್ಯಾನ್ಸರಿನಲ್ಲಿ ತೂತಿನ ಆಪರೇಷನ್ ಆದವರಿಗೇ ಕಾಯಿಲೆ ಹೆಚ್ಚಾಗಿ ಮರುಕಳಿಸಿದ್ದು 2018ರ ಒಂದು ಅಧ್ಯಯನದಲ್ಲಿ ಗೊತ್ತಾಗಿತ್ತು.

ಸರ್ಜನ್ನರನ್ನು ಕೇಳಬೇಕಾದ್ದು ಇಷ್ಟು. ಅತ್ತೆಯ ಸಿಎ-125 ಈಗೆಷ್ಟು? ಸ್ಕ್ಯಾನಿನಲ್ಲಿ ಮೇಲ್ಹೊಟ್ಟೆ ಹೇಗಿದೆ? ತೂತಿನಲ್ಲಿ ಶುರುಮಾಡಿದರೂ ಪೂರ್ತಿ ತೆಗೆಯಲಾಗದಿದ್ದರೆ ಅಲ್ಲೇ ಹೊಟ್ಟೆ ತೆರೆಯುತ್ತೀರಾ? ಕರುಳು ಕತ್ತರಿಸುವುದು ಬಂದರೆ ಯಾರಿರುತ್ತಾರೆ? ಮೂರನೆಯದಕ್ಕೆ ‘ಹೌದು’ ಅನ್ನದವರ ಬಳಿ ರೋಬೋಟ್ ಇದ್ದೂ ಉಪಯೋಗವಿಲ್ಲ.

ಇನ್ನು ಊರಿಗೆ ಮರಳುವ ವಿಷಯ. ಹುಬ್ಬಳ್ಳಿಯಿಂದಾದರೆ ಗಾಡಿಯಲ್ಲಿ ಬಹಳ ಹೊತ್ತು ಕೂತೇ ಅರಬೈಲ್ ಘಟ್ಟ ಇಳಿಯಬೇಕು. ಆಪರೇಷನ್ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಅದಕ್ಕೇ ಚರ್ಮದಡಿಯ ಹೆಪಾರಿನ್ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ಮನೆಗೆ ಬಂದೆವೆಂದು ನಿಲ್ಲಿಸಬೇಡಿ. ದಾರಿಯಲ್ಲಿ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಒಂದೇ ಕಾಲು ಊದಿದರೆ, ಉಸಿರು ಕಟ್ಟಿದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ, ಹತ್ತಿರದಲ್ಲಿ ಯಾವ ಆಸ್ಪತ್ರೆಯಿದೆಯೋ ಅಲ್ಲಿಗೇ ಕರೆದೊಯ್ಯಿರಿ.