ಬಿಸಿಯೂಟ ಬೇಯಿಸುವ ಕೈಗೆ ತಿಂಗಳಿಗೆ 4,600 ರೂಪಾಯಿ: ಈ ಲೆಕ್ಕ ಹುಟ್ಟಿದ್ದು ಹೇಗೆ?

ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಸಹಾಯಕ ಅಡುಗೆಯವರಿಗೆ ತಿಂಗಳಿಗೆ ಸಿಗುವುದು 4,600 ರೂಪಾಯಿ. ಮುಖ್ಯ ಅಡುಗೆಯವರಿಗೆ ನೂರು ರೂಪಾಯಿ ಜಾಸ್ತಿ, 4,700. ಇದು 2025ರ ಬಜೆಟ್‌ನಲ್ಲಿ ಒಂದು ಸಾವಿರ ಏರಿಸಿದ ಮೇಲಿನ ಮಾತು. ತಿಂಗಳಿಗೆ 26 ದಿನ ಅಂತ ಹಿಡಿದರೆ ದಿನಕ್ಕೆ 177 ರೂಪಾಯಿ ಬೀಳುತ್ತದೆ. ಅದೇ ಊರಿನಲ್ಲಿ ನರೇಗಾ ಕೆಲಸಕ್ಕೆ ಹೋದವರಿಗೆ 2025-26ರಲ್ಲಿ ಗೊತ್ತುಮಾಡಿದ್ದ ದಿನಗೂಲಿ 370. ಅಂದರೆ ಮಣ್ಣು ಅಗೆಯುವುದಕ್ಕೆ ಸಿಗುವ ಕೂಲಿಯ ಅರ್ಧವೂ ಮಕ್ಕಳಿಗೆ ಅನ್ನ ಬೇಯಿಸುವುದಕ್ಕೆ ಇಲ್ಲ. ಹಾಗಾದರೆ ಆ ಕೆಲಸಕ್ಕೇ ಹೋಗಬಹುದಲ್ವಾ ಅಂತ ಕೇಳುವವರಿದ್ದಾರೆ. ಬೆಳಗಿನಿಂದ ಮಧ್ಯಾಹ್ನ ದಾಟುವವರೆಗೆ ಶಾಲೆಯ ಅಡುಗೆ ಕೋಣೆಯಲ್ಲಿ ಇರಬೇಕಾದವರು ಇನ್ನೊಂದು ಕೂಲಿಗೆ ಯಾವ ಹೊತ್ತಲ್ಲಿ ಹೋಗುತ್ತಾರೆ?

ರಾಜ್ಯದಲ್ಲಿ ಇಂಥ ಅಡುಗೆಯವರು ಲಕ್ಷಕ್ಕೂ ಜಾಸ್ತಿ ಇದ್ದಾರೆ. ದೇಶದಲ್ಲಿ ಸುಮಾರು 25 ಲಕ್ಷ. ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಇಷ್ಟು ಜನಕ್ಕೆ ಇಷ್ಟು ಕಡಿಮೆ ಸಂಬಳ ಸುಮ್ನೆ ಮರೆತು ಆಗಿದ್ದಲ್ಲ. ಮೊದಲ ದಿನದಿಂದಲೂ ಈ ಯೋಜನೆ ಅಕ್ಕಿಯನ್ನು ಗ್ರಾಂ ಲೆಕ್ಕದಲ್ಲಿ ಅಳೆಯಿತು, ದುಡಿಮೆಯನ್ನು ಮಾತ್ರ ಅಳೆಯಲೇ ಇಲ್ಲ. ಅದನ್ನೇ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ.

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಶಾಲಾ ಮಕ್ಕಳಿಗೆ ಪೌಷ್ಟಿಕ ಆಹಾರದ ಯೋಜನೆ ಶುರುಮಾಡಿದಾಗ ಅಡುಗೆಯವರ ಪ್ರಶ್ನೆಯೇ ಬರಲಿಲ್ಲ. ಯಾಕೆಂದರೆ ಹೆಚ್ಚಿನ ರಾಜ್ಯಗಳಲ್ಲಿ ಅಡುಗೆಯೇ ಇರಲಿಲ್ಲ. ಹಾಜರಾತಿ ಸರಿಯಿದ್ದ ಮಗುವಿಗೆ ತಿಂಗಳಿಗೆ 3 ಕೆಜಿ ಧಾನ್ಯ ಕೊಟ್ಟು ಕಳಿಸುತ್ತಿದ್ದರು. ಮಗು ಚೀಲ ಹಿಡಿದುಕೊಂಡು ಮನೆಗೆ ಹೋದರೆ ಆ ಅಕ್ಕಿ ಇಡೀ ಮನೆಯವರ ಊಟಕ್ಕೆ ಸೇರಿಹೋಗುತ್ತಿತ್ತು. ತಮಿಳುನಾಡಿನಲ್ಲಾದರೆ ಕಾಮರಾಜ್ ಕಾಲದಿಂದಲೇ ಶಾಲೆಯಲ್ಲಿ ಊಟ ಇತ್ತು. 1982ರಲ್ಲಿ ಎಂ.ಜಿ.ಆರ್. ಅದನ್ನು ದೊಡ್ಡ ಮಟ್ಟದಲ್ಲಿ ಮಾಡಿದರು.

ಹೆಚ್ಚಿನ ರಾಜ್ಯಗಳಲ್ಲಿ ಒಲೆ ಹೊತ್ತಿದ್ದು ಕೋರ್ಟಿನಿಂದ. 2001ರಲ್ಲಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿದೆ, ಜನ ಹಸಿದಿದ್ದಾರೆ ಅಂತ ಪಿ.ಯು.ಸಿ.ಎಲ್. ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷದ ನವೆಂಬರ್ 28ರಂದು ಕೋರ್ಟ್ ಕೊಟ್ಟ ಆದೇಶದಲ್ಲಿ ಎಲ್ಲ ಅಂಕಿ ಇದೆ. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೆ ಬೇಯಿಸಿದ ಊಟ, ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್, ವರ್ಷಕ್ಕೆ ಕನಿಷ್ಠ 200 ದಿನ. ಬೇಯಿಸುವವರಿಗೆ ಎಷ್ಟು ಅನ್ನುವುದೊಂದು ಇಲ್ಲ. 2004ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ಆದೇಶ, ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಅಂತ ಹೇಳಿತು. ಬಹಳ ಒಳ್ಳೆಯ ಆದೇಶ ಅದು. ಆದರೆ ಯಾರಿಗೆ ಕೆಲಸ ಕೊಡಬೇಕು ಅಂತ ಹೇಳಿದ ಜಾಗದಲ್ಲಿ ಎಷ್ಟು ಕೊಡಬೇಕು ಅಂತಲೂ ಒಂದು ಸಾಲು ಇದ್ದಿದ್ದರೆ ಇವತ್ತಿನ ಕಥೆಯೇ ಬೇರೆ ಇರುತ್ತಿತ್ತು.

ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ, ಬಾಗಲಕೋಟೆ, ಈ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಅನ್ನುವ ಹೆಸರಲ್ಲಿ ಬಿಸಿಯೂಟ ಶುರುವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಮೊದಲು ಐದನೇ ಕ್ಲಾಸಿನವರೆಗೆ ಇತ್ತು, 2004ರಲ್ಲಿ ಆರು ಏಳನೇ ಕ್ಲಾಸು ಸೇರಿತು, 2007ರಿಂದ ಹೈಸ್ಕೂಲೂ ಸೇರಿತು. ಗಂಡನನ್ನು ಕಳೆದುಕೊಂಡವರು, ಭೂಮಿ ಇಲ್ಲದವರು, ಮನೆಯ ಭಾರ ಒಬ್ಬರೇ ಹೊತ್ತವರು ಈ ಕೆಲಸಕ್ಕೆ ಬಂದರು. ಸರ್ಕಾರಿ ಶಾಲೆಯ ಕೆಲಸ, ಇವತ್ತಲ್ಲ ನಾಳೆ ಕಾಯಂ ಆಗುತ್ತದೆ ಅನ್ನುವ ನಂಬಿಕೆ ಎಲ್ಲರಿಗೂ ಇತ್ತು. ಆಗಿನ ಸಂಬಳ ನೂರರ ಲೆಕ್ಕದಲ್ಲಿತ್ತು, ಸಾವಿರ ಮುಟ್ಟಿರಲಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೇಂದ್ರ ಸರ್ಕಾರ ಶುರುವಿನಲ್ಲಿ ಧಾನ್ಯ ಮಾತ್ರ ಕೊಡುತ್ತಿತ್ತು, ಅಡುಗೆ ಖರ್ಚು ಕೊಡುತ್ತಲೇ ಇರಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಒಂದು ಮಗುವಿಗೆ ದಿನಕ್ಕೆ ಒಂದು ರೂಪಾಯಿ ಕೊಡಲು ಒಪ್ಪಿತು. ಆ ಒಂದು ರೂಪಾಯಿಯಲ್ಲಿ ಬೇಳೆ, ತರಕಾರಿ, ಎಣ್ಣೆ, ಉಪ್ಪು, ಖಾರ, ಸೌದೆ ಅಥವಾ ಗ್ಯಾಸು ಎಲ್ಲ ಬರಬೇಕು, ಅಡುಗೆಯವರ ಕೂಲಿಯೂ ಅದರಲ್ಲೇ ಬರಬೇಕು. ರಾಜ್ಯ ತನ್ನ ಪಾಲು ಸೇರಿಸಿದರೂ ಲೆಕ್ಕದ ರೀತಿ ಹಾಗೇ ಉಳಿಯಿತು. ಸಾರಿಗೆ ಬೇಳೆ ಜಾಸ್ತಿ ಹಾಕಿದರೆ ಅಡುಗೆಯವಳ ಕೂಲಿಗೆ ಕತ್ತರಿ ಬೀಳುವಂಥ ವ್ಯವಸ್ಥೆ ಅದು.

2009ರ ಡಿಸೆಂಬರ್ 1ರಿಂದ ಕೂಲಿಯನ್ನು ಊಟದ ಖರ್ಚಿನಿಂದ ಬೇರೆ ಮಾಡಿದರು. ಆವತ್ತು ಅದು ಗೆಲುವು ಅಂತಲೇ ಎಲ್ಲರಿಗೂ ಅನಿಸಿತು. ಒಬ್ಬ ಅಡುಗೆಯವರಿಗೆ ತಿಂಗಳಿಗೆ 1,000 ರೂಪಾಯಿ ಗೌರವಧನ, ವರ್ಷದಲ್ಲಿ 10 ತಿಂಗಳು. 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರು ಮಕ್ಕಳಿಗೆ ಇನ್ನೊಬ್ಬರು. ಆ 1,000ದಲ್ಲಿ ಈಗ ಕೇಂದ್ರದ ಪಾಲು 600, ರಾಜ್ಯದ ಪಾಲು 400. ಅದಕ್ಕಿಂತ ಮೇಲೆ ಕೊಡುವುದಿದ್ದರೆ ರಾಜ್ಯಗಳು ತಮ್ಮ ಕೈಯಿಂದ ಕೊಟ್ಟುಕೊಳ್ಳಬಹುದು.

ಆ 1,000 ಅಲ್ಲೇ ನಿಂತುಬಿಟ್ಟಿತು. ಅದೇ ಯೋಜನೆಯಲ್ಲಿ ಬೇಳೆ, ತರಕಾರಿ, ಎಣ್ಣೆಗೆ ಕೊಡುವ ಹಣ 2009ರಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 2.50 ರೂಪಾಯಿ ಇತ್ತು. ಅದನ್ನು ಮತ್ತೆ ಮತ್ತೆ ಏರಿಸುತ್ತಾ 2025ರ ಮೇ ಹೊತ್ತಿಗೆ 6.78ಕ್ಕೆ ತಂದರು. ಬೆಲೆ ಏರಿದೆ, ಹಳೇ ದುಡ್ಡಲ್ಲಿ ಬೇಳೆ ಬರುವುದಿಲ್ಲ ಅಂತ ಸರ್ಕಾರಕ್ಕೆ ಚೆನ್ನಾಗಿ ಗೊತ್ತಿದೆ ಅಂತಾಯಿತಲ್ಲ. ಅದೇ ಅಂಗಡಿಯಲ್ಲಿ ಅದೇ ಬೇಳೆಯನ್ನು ಅಡುಗೆಯವಳೂ ತನ್ನ ಮನೆಗೆ ಕೊಳ್ಳಬೇಕು. ಯೋಜನೆಯ ಹೆಸರು 2021ರಲ್ಲಿ ಪಿ.ಎಂ. ಪೋಷಣ್ ಅಂತ ಬದಲಾಯಿತು, ಈ 1,000 ಬದಲಾಗಲಿಲ್ಲ.

ಹಾಗಾಗಿ ಉಳಿದಿದ್ದೆಲ್ಲ ರಾಜ್ಯದ ಬಜೆಟ್ ಮೇಲೆ ಬಂತು. ಕರ್ನಾಟಕದಲ್ಲಿ ಹೋರಾಟ ಮಾಡಿ ಮಾಡಿ 2,700 ಮತ್ತು 2,600ಕ್ಕೆ ಬಂದಿದ್ದ ಸಂಬಳ 2022ರಲ್ಲಿ ಒಂದು ಸಾವಿರ ಏರಿ 3,700 ಮತ್ತು 3,600 ಆಯಿತು. 2023ರ ಚುನಾವಣೆ ಮುಂಚೆ ಮತ್ತೆ ಹೆಚ್ಚಳದ ಮಾತು ಬಂತು. ಅದಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. 2025ರಲ್ಲಿ ಇನ್ನೊಂದು ಸಾವಿರ ಸೇರಿತು. ಪ್ರತಿ ಸಲವೂ ಅಡುಗೆ ಬಿಟ್ಟು, ಬಸ್ಸು ಹತ್ತಿ, ಬೆಂಗಳೂರಿನ ಬಿಸಿಲಲ್ಲಿ ಕೂತ ಮೇಲೆ ಬಂದ ಹಣ ಇದು. ಬೆಲೆ ಏರಿದಂತೆ ತಾನಾಗಿ ಏರುವ ತುಟ್ಟಿಭತ್ಯೆ ಇವರಿಗಿಲ್ಲ.

ಸಂಬಳ ಹೀಗೆ ಕುಂಟುತ್ತಾ ಬಂದರೆ ಕೆಲಸ ಮಾತ್ರ ಒಂದೇ ಸಮ ಬೆಳೆಯಿತು. 2013ರ ಆಗಸ್ಟ್‌ನಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಅಂತಾಯಿತು. ಅದೇ ವರ್ಷ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು. ಮಕ್ಕಳಿಗೆ ಇದೆಲ್ಲ ಬೇಕೇ ಬೇಕು. ನಾನು ಇದರಲ್ಲಿ ಒಂದನ್ನೂ ಬೇಡ ಅನ್ನುವವನಲ್ಲ. ಆದರೆ ಇದರ ದುಡಿಮೆ ಯಾರ ಮೈ ಮೇಲೆ ಬಿತ್ತು ಅಂತ ನೋಡಿ.

ನೂರು ಮಕ್ಕಳ ಪ್ರಾಥಮಿಕ ಶಾಲೆ, ನಿಯಮದ ಪ್ರಕಾರ ಇಬ್ಬರು ಅಡುಗೆಯವರು. ಬೆಳಗ್ಗೆ ಮೊದಲು ಹಾಲು. ಮಗುವಿಗೆ 18 ಗ್ರಾಂ ಪುಡಿಯಂತೆ 1.8 ಕೆಜಿ ಪುಡಿಯನ್ನು ಗಂಟಾಗದ ಹಾಗೆ ಕಲಸಿ 15 ಲೀಟರ್ ಹಾಲು ಕಾಯಿಸಬೇಕು, ಬಡಿಸಬೇಕು, ಲೋಟ ತೊಳೆಯಬೇಕು. ಅಷ್ಟರಲ್ಲಿ ಇನ್ನೊಬ್ಬರು ಮಗುವಿಗೆ 100 ಗ್ರಾಂನಂತೆ 10 ಕೆಜಿ ಅಕ್ಕಿ ಆರಿಸುತ್ತಿರುತ್ತಾರೆ. 2 ಕೆಜಿ ಬೇಳೆ ಬೇಯಲು ಇಡಬೇಕು, 5 ಕೆಜಿ ತರಕಾರಿ ತೊಳೆದು ಹೆಚ್ಚಬೇಕು. ನೂರು ಮೊಟ್ಟೆ ಬೇಯಿಸಿ, ಬಿಸಿ ಇರುವಾಗಲೇ ನೂರನ್ನೂ ಸುಲಿಯಬೇಕು. ಬೆರಳ ತುದಿ ಉರಿಯುತ್ತದೆ, ಸಿಪ್ಪೆಯ ಚೂರು ಉಗುರಿನ ಸಂದಿಗೆ ಚುಚ್ಚುತ್ತದೆ, ಆದರೆ ನಿಲ್ಲಿಸುವ ಹಾಗಿಲ್ಲ, ಊಟದ ಬೆಲ್ ಹೊಡೆಯುವುದರೊಳಗೆ ಮುಗಿಯಬೇಕು. ಹತ್ತು ಕೆಜಿ ಅಕ್ಕಿ ಅನ್ನವಾದ ಮೇಲೆ ಇಪ್ಪತ್ತೈದು ಕೆಜಿ ದಾಟುತ್ತದೆ. ಆ ಪಾತ್ರೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಒಲೆಯಿಂದ ಇಳಿಸಬೇಕು, ಐವತ್ತೈದು ದಾಟಿದವರೂ ಇಳಿಸಬೇಕು. ಬಡಿಸಿದ ಮೇಲೆ ಪಾತ್ರೆ ತೊಳೆಯುವುದು, ನೆಲ ಸಾರಿಸುವುದು, ನಾಳೆಗೆ ದಿನಸಿ ನೋಡುವುದು. ಇಲಾಖೆಯ ಲೆಕ್ಕದಲ್ಲಿ ಇದು ಅರೆಕಾಲಿಕ ಕೆಲಸ.

ಈಗ ಮನೆಯ ಲೆಕ್ಕ. ಅಡುಗೆಯಕ್ಕಂದಿರನ್ನು ಮಾತಾಡಿಸಿದರೆ ಸಂಬಳ ಕಡಿಮೆ ಅನ್ನುವುದಕ್ಕಿಂತ ಮೊದಲು ಬರುವ ಮಾತು, ಅದು ಯಾವಾಗ ಬರುತ್ತದೆ ಅಂತ ಗೊತ್ತಾಗುವುದಿಲ್ಲ ಅನ್ನುವುದು. ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದಾಗ ಅದು ಕೈಯಲ್ಲಿ ನಿಲ್ಲುವುದಿಲ್ಲ, ಅಂಗಡಿಯ ಉದ್ರಿಗೂ ಸ್ವಸಹಾಯ ಸಂಘದ ಸಾಲದ ಬಾಕಿ ಕಂತಿಗೂ ಹೋಗುತ್ತದೆ. ಸಂಘದ ಕಂತು ವಾರ ವಾರ ಕಟ್ಟಬೇಕು, ಸಂಬಳ ಬಂದಿಲ್ಲ ಅಂದರೆ ಅವರು ಕೇಳುವುದಿಲ್ಲ. ಏಪ್ರಿಲ್ ಮೇ ಬಂದರೆ ಶಾಲೆಯೂ ಇಲ್ಲ, ಗೌರವಧನವೂ ಇಲ್ಲ. ಹತ್ತು ತಿಂಗಳ 46,000ವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,833 ರೂಪಾಯಿ. ಮಕ್ಕಳ ಫೀಸು ಕಟ್ಟುವ, ಪುಸ್ತಕ ಕೊಳ್ಳುವ ಕಾಲವೂ ಅದೇ. ಮನೆ ಯಜಮಾನಿ ಅನ್ನುವ ಕಾರಣಕ್ಕೆ ಸಿಗುವ ಗೃಹಲಕ್ಷ್ಮಿ 2,000 ಇದೆಯಲ್ಲ, ಇಪ್ಪತ್ತು ವರ್ಷ ದುಡಿದ ಕೆಲಸದ ತಿಂಗಳ ಆದಾಯ ಅದರ ಎರಡರಷ್ಟೂ ಇಲ್ಲ.

ಕಾನೂನು ಏನು ಹೇಳುತ್ತದೆ? ಇವರು ಸಮಾಜ ಸೇವೆಗೆ ಮುಂದೆ ಬಂದ ಗೌರವ ಕಾರ್ಯಕರ್ತರು, ನೌಕರರಲ್ಲ, ಆದ್ದರಿಂದ ಕನಿಷ್ಠ ವೇತನ ಇವರಿಗೆ ಬರುವುದಿಲ್ಲ ಅನ್ನುವುದು ಕೇಂದ್ರದ ನಿಲುವು. ಸಂಸತ್ತಿನಲ್ಲಿ ಕೇಳಿದಾಗಲೆಲ್ಲ ಇದೇ ಉತ್ತರ. ಈ ನಿಲುವಿಗೆ ಬಲ ಬಂದಿದ್ದರಲ್ಲಿ ನಮ್ಮ ರಾಜ್ಯದ ಒಂದು ಕೇಸೂ ಇದೆ. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರಿ ಹುದ್ದೆಯಲ್ಲಿರುವವರಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನ ಪ್ರಕರಣದಲ್ಲಿ. ಅದು ಅಂಗನವಾಡಿಯ ವಿಷಯವಾದರೂ ಗೌರವಧನದ ಮೇಲೆ ದುಡಿಯುವ ಎಲ್ಲರಿಗೂ ಅದರ ಬಿಸಿ ತಟ್ಟಿತು.

ಬೇರೆ ಮಾತುಗಳೂ ಬಂದವು. 2013ರ ಮೇನಲ್ಲಿ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಅಂಗನವಾಡಿ, ಬಿಸಿಯೂಟದಂಥ ಸರ್ಕಾರಿ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರು ಅಂತ ಗುರುತಿಸಿ, ಕನಿಷ್ಠ ವೇತನ, ಪಿಂಚಣಿ ಕೊಡಿ ಅಂತ ಶಿಫಾರಸು ಮಾಡಿತು. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂತಿದ್ದ ಸಭೆ ಅದು. ಜಾರಿ ಮಾತ್ರ ಆಗಲಿಲ್ಲ.

2020ರ ಡಿಸೆಂಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಕೊಟ್ಟ ತೀರ್ಪು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ 14 ವರ್ಷ ಬಿಸಿಯೂಟ ಮಾಡಿದ್ದ ಮಹಿಳೆಯನ್ನು, ನಿಮ್ಮ ಮಗು ಈ ಶಾಲೆಯಲ್ಲಿ ಓದುತ್ತಿಲ್ಲ ಅಂತ ಕೆಲಸದಿಂದ ತೆಗೆದಿದ್ದರು. ಆಕೆ ಕೋರ್ಟಿಗೆ ಹೋದರು. ಆ ಕೇಸಿನಲ್ಲಿ ನ್ಯಾಯಮೂರ್ತಿ ಪಂಕಜ್ ಭಾಟಿಯಾ, ತಿಂಗಳಿಗೆ 1,000 ರೂಪಾಯಿಗೆ ದುಡಿಸಿಕೊಳ್ಳುವುದು ಬಲವಂತದ ದುಡಿಮೆ, ಸಂವಿಧಾನದ 23ನೇ ವಿಧಿಗೆ ವಿರುದ್ಧ ಅಂತ ಹೇಳಿ ರಾಜ್ಯದ ಎಲ್ಲ ಅಡುಗೆಯವರಿಗೂ ಕನಿಷ್ಠ ವೇತನ ಕೊಡಲು ಆದೇಶಿಸಿದರು. ಇದು ಹೊಸ ತರ್ಕ ಅಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಕೇಸಿನಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು, ಬಡತನದಿಂದ ಬೇರೆ ದಾರಿ ಇಲ್ಲದೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತವೇ ಅಂತ. ಹೊಡೆದು ಬಡಿದು ಮಾಡಿಸಬೇಕು ಅಂತಿಲ್ಲ.

ಹೊರಗಿನ ರಾಜ್ಯಗಳನ್ನು ನೋಡಿ ಅನ್ನುವವರು ಕೇರಳದ ಹೆಸರು ಹೇಳುತ್ತಾರೆ. ಅಲ್ಲಿ ದಿನಕ್ಕೆ 600 ರೂಪಾಯಿಗೂ ಜಾಸ್ತಿ ಕೂಲಿ ಇದೆ ಅನ್ನುವುದು ನಿಜ. ಆದರೆ ಬಹಳ ಕಾಲ ಅಲ್ಲಿ 500 ಮಕ್ಕಳವರೆಗೆ ಒಬ್ಬರೇ ಅಡುಗೆಯವರು ಅನ್ನುವ ನಿಯಮ ಇತ್ತು. ಜನ ಕಡಿಮೆ ಮಾಡಿ ಕೂಲಿ ಜಾಸ್ತಿ ಮಾಡುವ ದಾರಿ ಅದು. ನಮ್ಮಲ್ಲಿ ಅದನ್ನು ಹಾಗೇ ತಂದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರು ಮನೆಗೆ ಹೋಗಬೇಕಾಗುತ್ತದೆ.

ಮನೆಗೆ ಹೋದವರು ಈಗಾಗಲೇ ಇದ್ದಾರೆ. 2022ರಲ್ಲಿ ಕರ್ನಾಟಕದಲ್ಲಿ 60 ವರ್ಷ ದಾಟಿದವರನ್ನು ಬಿಡುಗಡೆ ಮಾಡಿ ಅಂತ ಆದೇಶ ಬಂತು. 2002ರಲ್ಲಿ ನಲವತ್ತರ ಆಸುಪಾಸಿನಲ್ಲಿ ಸೇರಿದವರು ಹಾಗೆ ಹೊರಗೆ ಹೋದರು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಹೋರಾಟದ ಮೇಲೆ ಇಡುಗಂಟು ಕೊಡಲು ಸರ್ಕಾರ ಒಪ್ಪಿತು, ಅದೂ ಹತ್ತಾರು ಸಾವಿರದ ಮಟ್ಟದಲ್ಲಿ. ಅದೇ 2022ರ ಏಪ್ರಿಲ್‌ನಲ್ಲಿ ಗುಜರಾತಿನ ಒಂದು ಪ್ರಕರಣದಲ್ಲಿ ಅಂಗನವಾಡಿಯವರಿಗೆ ಗ್ರಾಚ್ಯುಟಿ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿತು, ಆಮೇಲೆ ಕರ್ನಾಟಕವೂ ಅವರಿಗೆ ಅದನ್ನು ಕೊಡಲು ಒಪ್ಪಿತು. ಹತ್ತು ಹೆಜ್ಜೆ ಆಚೆಗಿನ ಶಾಲೆಯ ಅಡುಗೆಯವರಿಗೆ ಅದು ಇನ್ನೂ ಬೇಡಿಕೆಯಾಗಿಯೇ ಇದೆ.

ನನ್ನ ಪ್ರಕಾರ ಎರಡು ಕಡೆ ಬೀಗ ಬಿದ್ದಿದೆ. ಒಂದು ದೆಹಲಿಯಲ್ಲಿ, 2009ರ ಆ 1,000 ರೂಪಾಯಿಯಲ್ಲಿ. ಊಟದ ಖರ್ಚು ಏರಿಸುವ ಆದೇಶದಲ್ಲೇ ಇದನ್ನೂ ಏರಿಸಬಹುದು, ಅದಕ್ಕೆ ಹೊಸ ಕಾನೂನು ಬೇಕಿಲ್ಲ. ಇನ್ನೊಂದು ಬೆಂಗಳೂರಿನಲ್ಲಿ. ಬಿಸಿಯೂಟದ ಕೆಲಸವನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದು ಗಂಟೆ ಲೆಕ್ಕದಲ್ಲಾದರೂ ಕೂಲಿ ಕಟ್ಟಿದರೆ, ಅರೆಕಾಲಿಕ ಅನ್ನುವ ವಾದವನ್ನೇ ಒಪ್ಪಿಕೊಂಡರೂ, ಈಗಿನ 4,600ಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ. ಜೊತೆಗೆ ಏಪ್ರಿಲ್ ಮೇ ತಿಂಗಳ ಹಣ, ಪ್ರತಿ ತಿಂಗಳೂ ಒಂದು ಗೊತ್ತಾದ ತಾರೀಖಿಗೆ ಸಂಬಳ. ಅಡುಗೆಯವರ ಕಾರ್ಮಿಕ ಸಂಘದವರು ಪ್ರತಿ ಬಜೆಟ್ ಮುಂಚೆ ಮನವಿ ಪತ್ರದಲ್ಲಿ ಬರೆದುಕೊಡುವುದು ಇವನ್ನೇ.