ಮಂಡಿಯ ಲೆಕ್ಕಕ್ಕೆ ಸರ್ವರ್ ಏಕೆ?

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಮಂಡಿ ನಡೆಸುವವರು ಲೆಕ್ಕದ ತಂತ್ರಾಂಶ ಬೇಕೆಂದು ಬಂದಾಗ ನಾನು ಡೇಟಾಬೇಸ್ ಸರ್ವರಿನ (ದತ್ತಾಂಶವನ್ನು ಇಟ್ಟುಕೊಂಡು ಕೇಳಿದಾಗ ಕೊಡುವ ಪ್ರತ್ಯೇಕ ತಂತ್ರಾಂಶದ) ಮಾತನ್ನೇ ಎತ್ತುವುದಿಲ್ಲ. ಸಾಮಾನ್ಯವಾಗಿ ಅಲ್ಲಿರುವುದು ಒಂದು ಕಂಪ್ಯೂಟರ್, ಒಬ್ಬ ಗುಮಾಸ್ತ. ಹರಾಜು ಮುಗಿಯುತ್ತಿದ್ದಂತೆ ರೈತರ ಹೆಸರು, ಬಾಕ್ಸ್‌ಗಳ ಸಂಖ್ಯೆ, ಕೂಗಿದ ದರ ಎಲ್ಲವೂ ದಾಖಲಾಗಿ ಬಿಲ್ ಕೈಗೆ ಬರಬೇಕು. ಇಂಟರ್ನೆಟ್ ಹೋದರೂ ಸಾಲು ನಿಲ್ಲಬಾರದು. ಇಷ್ಟಕ್ಕೆ ಎಸ್‌ಕ್ಯೂಲೈಟ್ ಎಂಬ ಸರ್ವರಿಲ್ಲದ ಡೇಟಾಬೇಸ್ ಧಾರಾಳವಾಗಿ ಸಾಕು.

ರಿಚರ್ಡ್ ಹಿಪ್ 2000ರಲ್ಲಿ ಇದನ್ನು ಬರೆದದ್ದೂ ಸರ್ವರಿನ ಮೇಲಿನ ಬೇಸರದಿಂದಲೇ. ಅಮೆರಿಕದ ಯುದ್ಧನೌಕೆಯೊಂದಕ್ಕಾಗಿ ಅವರು ಮಾಡುತ್ತಿದ್ದ ತಂತ್ರಾಂಶ, ಡೇಟಾಬೇಸ್ ಸರ್ವರ್ ಕೈಕೊಟ್ಟಾಗಲೆಲ್ಲ ತಾನೂ ನಿಲ್ಲುತ್ತಿತ್ತು. ಸರ್ವರನ್ನೇ ತೆಗೆದುಹಾಕಿದರೆ? ಎಸ್‌ಕ್ಯೂಲೈಟ್ ನಮ್ಮ ಪ್ರೋಗ್ರಾಮಿನೊಳಗೇ ಸೇರಿಕೊಳ್ಳುವ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು. ದತ್ತಾಂಶವೆಲ್ಲ ಒಂದು ಫೈಲಿನಲ್ಲಿ. ಪರವಾನಗಿ ಶುಲ್ಕವೂ ಇಲ್ಲ. ಆದರೆ ಸರ್ವರ್ ನೋಡಿಕೊಳ್ಳುವವರ ಕೆಲಸವೆಲ್ಲ ಪ್ರೋಗ್ರಾಮ್ ಬರೆಯುವವರ ತಲೆಗೆ ಬರುತ್ತದೆ. ಹೊಸಬರು ಮರೆಯುವುದು ಇದನ್ನೇ.

ಬ್ಯಾಕಪ್ಪನ್ನೇ ನೋಡಿ. ‘ಒಂದೇ ಫೈಲ್ ತಾನೆ’ ಎಂದು ಗುಮಾಸ್ತರು ತಂತ್ರಾಂಶ ತೆರೆದಿರುವಾಗಲೇ ಅದನ್ನು ಪೆನ್‌ಡ್ರೈವಿಗೆ ಎಳೆದು ಹಾಕುತ್ತಾರೆ. 2010ರಲ್ಲಿ ಬಂದ ‘ವಾಲ್’ (WAL, ರೈಟ್-ಅಹೆಡ್ ಲಾಗ್) ವಿಧಾನವನ್ನು ನೀವು ಬಳಸುತ್ತಿದ್ದರೆ ಹೊಸ ನಮೂದುಗಳು ಮೊದಲು ಪಕ್ಕದ ಇನ್ನೊಂದು ಫೈಲಿಗೆ ಹೋಗುತ್ತವೆ, ಆಮೇಲೆ ಒಟ್ಟಾಗಿ ಮುಖ್ಯ ಫೈಲಿಗೆ ಸೇರುತ್ತವೆ. ಮುಖ್ಯ ಫೈಲನ್ನಷ್ಟೇ ಒಯ್ದರೆ ಆ ದಿನದ ಬಿಲ್ಲುಗಳೇ ಅದರಲ್ಲಿ ಇಲ್ಲದಿರಬಹುದು. ಆ ಸೇರಿಸುವ ಗಳಿಗೆಯಲ್ಲೇ ನಕಲು ಮಾಡಿದರಂತೂ ಪ್ರತಿಯೇ ಕೆಟ್ಟುಹೋಗಬಹುದು, ಅದು ಗೊತ್ತಾಗುವುದು ಬೇಕಾದಾಗ ತೆರೆದು ನೋಡಿದ ಮೇಲೆ. ‘ಹಾಗೆ ಮಾಡಬೇಡಿ’ ಎಂದು ಗೋಡೆಗೆ ಚೀಟಿ ಅಂಟಿಸಿ ಪ್ರಯೋಜನವಿಲ್ಲ. 2019ರಿಂದ ‘ವ್ಯಾಕ್ಯೂಮ್ ಇಂಟು’ ಎಂಬ ಆದೇಶವಿದೆ. ಕೆಲಸ ನಡೆಯುತ್ತಿರುವಾಗಲೂ ಪೂರ್ಣವಾದ ಪ್ರತಿ ತೆಗೆದುಕೊಡುತ್ತದೆ. ಅದನ್ನು ‘ದಿನದ ಲೆಕ್ಕ ಮುಗಿಸು’ ಗುಂಡಿಗೇ ಜೋಡಿಸಿ, ಪ್ರತಿಯ ಮೇಲೆ ಫೈಲ್ ಕೆಟ್ಟಿದೆಯೇ ಎಂದು ನೋಡುವ ‘ಇಂಟಿಗ್ರಿಟಿ ಚೆಕ್’ ಓಡಿಸಿ, ಸರಿಯಿದ್ದರೆ ಮಾತ್ರ ಹಸಿರು ಗುರುತು ತೋರಿಸಿ.

ಕರೆಂಟ್ ಹೋಗುವ ಭಯಕ್ಕೆ ಉತ್ತರ ಸುಲಭ. ಒಬ್ಬ ರೈತರ ಬಿಲ್ಲಿನ ಎಲ್ಲ ಸಾಲುಗಳು, ಕಮಿಷನ್, ಹಮಾಲಿ ಒಂದೇ ಟ್ರಾನ್ಸಾಕ್ಷನ್ನಿನಲ್ಲಿರಲಿ, ಅಂದರೆ ಉಳಿದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ ಎಂಬಂಥ ಒಂದೇ ಕಟ್ಟಿನಲ್ಲಿ. ನಡುವೆ ಕಂಪ್ಯೂಟರ್ ಆರಿದರೆ ಅರ್ಧ ಬಿಲ್ ಉಳಿಯುವುದಿಲ್ಲ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿಯೇ ಇಡಿ. ‘ಫಾರಿನ್ ಕೀ’ ಪರೀಕ್ಷೆ (ಬಿಲ್ಲಿನಲ್ಲಿರುವ ರೈತರ ಖಾತೆ ನಿಜಕ್ಕೂ ಇದೆಯೇ ಎಂಬಂಥ ತಪಾಸಣೆ) ತಾನಾಗಿ ನಡೆಯುವುದಿಲ್ಲ, ಪ್ರತಿ ಸಂಪರ್ಕದಲ್ಲೂ ನೀವೇ ಚಾಲೂ ಮಾಡಬೇಕು.

ವ್ಯಾಪಾರ ಬೆಳೆದು ಪಕ್ಕದ ಕೋಣೆಗೆ ಎರಡನೇ ಕಂಪ್ಯೂಟರ್ ಬಂದಾಗ ಮಾಲೀಕರು ‘ಫೋಲ್ಡರ್ ಶೇರ್ ಮಾಡಿಕೊಡಿ, ಸಾಕು’ ಎನ್ನುತ್ತಾರೆ. ಒಪ್ಪಬೇಡಿ. ನೆಟ್‌ವರ್ಕ್ ಮೇಲೆ ಫೈಲಿನ ಬೀಗಗಳನ್ನು (ಇಬ್ಬರು ಒಟ್ಟಿಗೆ ಬರೆಯದಂತೆ ತಡೆಯುವ ಏರ್ಪಾಡನ್ನು) ನಂಬುವಂತಿಲ್ಲ, ವಾಲ್ ವಿಧಾನವಂತೂ ಅಲ್ಲಿ ನಡೆಯುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನಂಥ ಸರ್ವರಿಗೆ ಆಗ ನಿಜವಾದ ಕೆಲಸವಿದೆ, ಅದರ ಖರ್ಚನ್ನು ಮಾಲೀಕರಿಗೆ ನೇರವಾಗಿ ಹೇಳಿ.

ಇಂಗ್ಲಿಷಿನ ಪಾಠಗಳಲ್ಲಿ ಸಿಗದ ತೊಡಕೊಂದಿದೆ. ಯುನಿಕೋಡಿನಲ್ಲಿ ‘ಗೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಎಸ್‌ಕ್ಯೂಲೈಟ್ ಹೋಲಿಸುವುದು ಬೈಟುಗಳನ್ನು, ಹಾಗಾಗಿ ಅದಕ್ಕೆ ಅವು ಬೇರೆ ಬೇರೆ. ಬೇರೆ ಕೀಲಿಮಣೆ ತಂತ್ರಾಂಶದಲ್ಲಿ ಟೈಪಾದ ಗೋಪಾಲಪ್ಪನವರಿಗೆ ಎರಡು ಖಾತೆಗಳು ಹುಟ್ಟಿಕೊಂಡು, ಮುಂಗಡ ಒಂದರಲ್ಲಿ, ಮಾರಾಟ ಇನ್ನೊಂದರಲ್ಲಿ ಕೂತರೆ ಜಗಳ ಬರುವುದು ಮಂಡಿಯ ಕಟ್ಟೆಗೆ. ಹೆಸರನ್ನು ಉಳಿಸುವ ಮುನ್ನ ‘ಎನ್‌ಎಫ್‌ಸಿ’ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿಸುವ ಯುನಿಕೋಡಿನ ಏಕರೂಪಕ್ಕೆ, ತನ್ನಿ, ಹುಡುಕಲು ಟೈಪಿಸಿದ ಪದಕ್ಕೂ ಅದನ್ನೇ ಮಾಡಿ. ಅಷ್ಟಾದ ಮೇಲೂ ಒಂದೇ ಊರಿನಲ್ಲಿ ಇಬ್ಬರು ಗೋಪಾಲಪ್ಪಂದಿರು ಇದ್ದೇ ಇರುತ್ತಾರೆ. ಅವರಿಗೆ ಖಾತೆ ಸಂಖ್ಯೆಯೇ ಗತಿ.